ಅತ್ತೆ ಮೊಸರು ಬಿಟ್ಟಿದ್ದರು

ಖಾನಾಪುರದ ಮನೆಗೆ ಸೊಸೆಯಾಗಿ ಹೋದ ಮೊದಲ ವಾರ ನಾನು ಅತ್ತೆಯಿಂದ ಬೈಸಿಕೊಂಡದ್ದು ಒಂದು ಒದ್ದೆ ಅರಿವೆಯ ಸಲುವಾಗಿ. ಆ ಮನೆಯ ಹಿತ್ತಲಲ್ಲಿ ಬಾವಿ ಇದೆ. ಜೈನರ ಮನೆ, ಹಾಗಾಗಿ ಸೋಸದ ನೀರು ಹೊಸ್ತಿಲು ದಾಟುವಂತಿಲ್ಲ. ನಾನು ಹೊಸ ಸೊಸೆಯ ಹುರುಪಿನಲ್ಲಿ ನೀರು ಸೇದಿ, ಕೊಡದ ಬಾಯಿಗೆ ಎರಡು ಮಡಿಕೆಯ ಬಿಳಿ ಅರಿವೆ ಹಿಡಿದು ಸೋಸಿದೆ. ಆಮೇಲೆ ಅರಿವೆಯನ್ನು ಬಚ್ಚಲ ಮೋರಿಗೆ ಹಿಂಡಿ ಹಗ್ಗದ ಮೇಲೆ ಒಣಹಾಕಿದೆ. ಅತ್ತೆ ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದರು.

"ಮೋರ್ಯಾಗ ಹಿಂಡಿದೇನ? ಎಷ್ಟ ಜೀವ ಇದ್ದುವು ಅದರಾಗ!"

ಅಷ್ಟು ಹೇಳಿ ಹೊರಗೆ ಬಂದು ಇನ್ನೊಂದು ಸಲ ನೀರು ಸೇದಿ ಸೋಸಿದರು. ಅರಿವೆಯನ್ನು ತಿರುವಿ ಹಿಡಿದು, ಸೋಸಿದ ನೀರನ್ನೇ ಅದರ ಮೇಲೆ ಸುರಿದು, ಅದರಲ್ಲಿ ಸಿಕ್ಕಿದ್ದೆಲ್ಲ ಒಂದು ಸಣ್ಣ ತಾಮ್ರದ ಗಡಿಗೆಯಲ್ಲಿ ಬೀಳುವಂತೆ ಮಾಡಿದರು. ಆ ಗಡಿಗೆಯನ್ನು ಹಗ್ಗ ಕಟ್ಟಿ ಬಾವಿಯೊಳಗೆ ಇಳಿಸಿ, ನೀರು ಮುಟ್ಟಿದ ಮೇಲೆ ಹಗುರಾಗಿ ವಾಲಿಸಿದರು. ಮೇಲಿನಿಂದ ಸುರಿಯಬಾರದಂತೆ. ಅಷ್ಟು ಎತ್ತರದಿಂದ ಬಿದ್ದರೆ ಅವಕ್ಕೆ ಪೆಟ್ಟಾಗುತ್ತದಂತೆ. ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ ವಾಪಸ್ ಹೋಗಬೇಕಂತೆ.

ನಾನು ಜೀವಶಾಸ್ತ್ರ ಓದಿದವಳು. ಬೆಳಗಾವಿಯ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಅದನ್ನೇ ಕಲಿಸುತ್ತೇನೆ. ಅಂದು ಸಂಜೆ ಗಂಡನ ಮುಂದೆ ಉರಿದುಬಿದ್ದೆ. ಆ ಅರಿವೆಯಲ್ಲಿ ಹುಳ ಹುಪ್ಪಡಿ ಸಿಗಬಹುದು, ನಿಜವಾದ ಸೂಕ್ಷ್ಮಜೀವಿಗಳು ಅದರ ನೇಯ್ಗೆಯ ಸಂದಿನಲ್ಲಿ ಮೆರವಣಿಗೆಯಲ್ಲಿ ದಾಟಿಹೋಗುತ್ತವೆ, ನಿಮ್ಮ ಆಯಿಗೆ ಯಾರಾದರೂ ಹೇಳಬಾರದೇ ಎಂದೆ. ಅವರು ಗಾಬರಿಯಿಂದ ಬಾಗಿಲ ಕಡೆ ನೋಡಿ, "ಅದೊಂದು ಮಾತ್ರ ಹೇಳಬ್ಯಾಡ ಮಾರಾಯ್ತಿ. ಆಮ್ಯಾಲೆ ನೀರು ಕುಡಿಯೂದನ್ನೂ ಬಿಟ್ಟಾಳು" ಎಂದರು.

ತಮಾಷೆಯ ಮಾತಲ್ಲ, ಬಿಡುವುದರಲ್ಲಿ ಅತ್ತೆಯ ಕೈ ದೊಡ್ಡದು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ, ಒಟ್ಟಿನಲ್ಲಿ ನೆಲದೊಳಗೆ ಬೆಳೆಯುವುದು ಯಾವುದೂ ಆ ಅಡುಗೆಮನೆಗೆ ಬಂದದ್ದಿಲ್ಲ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನೀರೂ ಇಲ್ಲ. ಮಾವ ತೀರಿಕೊಂಡ ವರ್ಷ ಊರಿಗೆ ಬಂದಿದ್ದ ಮುನಿಗಳ ಮುಂದೆ ನಿಂತು ಮೊಸರನ್ನೂ ಜೀವನಪೂರ್ತಿ ಬಿಟ್ಟರು. ಮೊಸರು ಅವರಿಗೆ ಎಷ್ಟು ಪ್ರೀತಿಯದೆಂದರೆ, ಬಿಡುವುದಾದರೆ ಅದನ್ನೇ ಬಿಡಬೇಕು ಎನ್ನುವುದು ಅವರ ಲೆಕ್ಕ. ಹಾಗೆಂದು ಹೆಪ್ಪು ಹಾಕುವುದನ್ನು ನಿಲ್ಲಿಸಲಿಲ್ಲ. ಖಾನಾಪುರದ ಮಣ್ಣಿನ ಗಡಿಗೆಯಲ್ಲಿ ಅವರು ಹಾಕುವ ಮೊಸರು ಚೂರಿಯಿಂದ ಕೊಯ್ಯುವಷ್ಟು ಗಟ್ಟಿ. ತಾವು ಬೆರಳೂ ಅದ್ದುವುದಿಲ್ಲ. ಪ್ರತಿ ರಜೆ ಮುಗಿದಾಗಲೂ ಒಂದು ಗಡಿಗೆ ಮೊಸರು ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕುಳಿತು ಬೆಳಗಾವಿಗೆ ಬರುತ್ತಿತ್ತು. "ಅಂವಗ ಕೊಡು" ಎಂದೇ ಹೇಳಿ ಕಳಿಸುತ್ತಿದ್ದರು. ನನಗೂ ಕೊಡು ಎಂದು ಯಾರೂ ಹೇಳದಿದ್ದರೂ ಅರ್ಧ ಗಡಿಗೆ ನಾನೇ ಮುಗಿಸುತ್ತಿದ್ದೆ.

ನಾನು ಲಿಂಗಾಯತರ ಮನೆಯ ಹುಡುಗಿ. ಇಬ್ಬರೂ ಒಂದೇ ಕಾಲೇಜಿನಲ್ಲಿ ಕೆಲಸಕ್ಕಿದ್ದಾಗ ಮೆಚ್ಚಿಕೊಂಡು ಮದುವೆಯಾದೆವು. ಅತ್ತೆ ಜಗಳ ತೆಗೆಯಲಿಲ್ಲ, ಅತ್ತುಕೊಳ್ಳಲಿಲ್ಲ. ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಗೆ ಬರುವಾಗ ತಮ್ಮ ನೀರು, ತಮ್ಮ ಪಾತ್ರೆ, ತಮ್ಮ ಹಿಟ್ಟು ತರುತ್ತಿದ್ದರು. ನನ್ನ ಬಗ್ಗೆ ಯಾರ ಹತ್ತಿರವಾದರೂ ಮಾತಾಡುವಾಗ "ಅಂವನ ಹೇಣ್ತಿ" ಎನ್ನುತ್ತಿದ್ದರು. ಸೊಸೆ ಎಂದದ್ದನ್ನು ನಾನು ಕೇಳಿರಲಿಲ್ಲ. ನನಗೆ ಅದು ಚುಚ್ಚುತ್ತಿತ್ತು, ಚುಚ್ಚುತ್ತದೆ ಎಂದು ಒಪ್ಪಿಕೊಳ್ಳಲು ನನ್ನ ಸಿಟ್ಟು ಬಿಡುತ್ತಿರಲಿಲ್ಲ. ಆದರೂ ಅವರ ಮೇಲೆ ನನಗೆ ಮಮತೆ ಇತ್ತು. ಬಾವಿಯೊಳಗೆ ಗಡಿಗೆ ಇಳಿಸುವಾಗಿನ ಅವರ ಮುಖ, ತೊಟ್ಟಿಲಿಗೆ ಮಗುವನ್ನು ಇಳಿಸುವವರ ಮುಖ.

ಕೊರೊನಾ ಮುಗಿದು ಮನೆಮನೆಯ ಮಾಸ್ಕುಗಳು ಕಪಾಟಿನ ಮೂಲೆ ಸೇರಿದ ಮೇಲಿನ ಮಾತು. ಅತ್ತೆಗೆ ಉರಿಮೂತ್ರ ಶುರುವಾಯಿತು. ಡಾಕ್ಟರು ಆಂಟಿಬಯಾಟಿಕ್ ಗುಳಿಗೆ ಬರೆದುಕೊಟ್ಟರು. ಮುಂಜಾನೆ ಊಟದ ಮೇಲೆ ಒಂದು, ರಾತ್ರಿ ಊಟದ ಮೇಲೆ ಒಂದು. ನನ್ನ ಗಂಡ ದಿನಾ ಫೋನು ಮಾಡಿ, "ಆಯಿ, ಗುಳಿಗಿ ತಗೊಂಡೇನು?" ಎಂದು ಕೇಳುತ್ತಿದ್ದರು. ಅತ್ತೆ, "ಎರಡೂ ತಗೊಂಡೆ" ಎನ್ನುತ್ತಿದ್ದರು. ಪೂರ್ತಿ ಸುಳ್ಳಲ್ಲ. ರಾತ್ರಿ ಊಟವೇ ಇಲ್ಲದ ಮನೆಯಲ್ಲಿ ರಾತ್ರಿಯ ಗುಳಿಗೆಯನ್ನು ಯಾವಾಗ ತೆಗೆದುಕೊಳ್ಳುವುದು? ಒಂದೊಂದು ದಿನ ಎರಡನ್ನೂ ಮಧ್ಯಾಹ್ನವೇ ನುಂಗುತ್ತಿದ್ದರು, ಒಂದೊಂದು ದಿನ ರಾತ್ರಿಯದನ್ನು ಡಬ್ಬಿಗೆ ಹಾಕಿ ಎತ್ತಿಡುತ್ತಿದ್ದರು. ಇದು ನಮಗೆ ತಿಳಿದದ್ದು ಬಹಳ ತಡವಾಗಿ. ಸೋಂಕು ಪೂರ್ತಿ ಹೋಗದೆ ಮತ್ತೆ ಬಂತು. ನಮ್ಮವರು ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಿಂದ ಅದೇ ಗುಳಿಗೆ ತಂದುಕೊಟ್ಟರು. ಮತ್ತೆ ಬಂತು, ಮತ್ತೆ ತಂದರು. ಆಮೇಲೆ ಬೇರೆ ಡಾಕ್ಟರು, ಇನ್ನೂ ಜೋರಾದ ಗುಳಿಗೆ.

ಉರಿ ಕೊನೆಗೂ ಹೋಯಿತು. ಭೇದಿ ಶುರುವಾಯಿತು.

ಮೊದಲು ಎಲ್ಲರೂ ಏನೋ ತಿಂದದ್ದು ಆಗಿಬಂದಿಲ್ಲ ಎಂದುಕೊಂಡೆವು. ಖಾನಾಪುರದಲ್ಲಿ ಅತ್ತೆಯ ಜೊತೆಗಿರುವುದು ನನ್ನ ನಾದಿನಿಯ ಸಂಸಾರ. ಅವಳು ಗಂಜಿ ಮಾಡಿಕೊಟ್ಟಳು, ದಾಳಿಂಬೆ ಸಿಪ್ಪೆ ಅರೆದು ಕೊಟ್ಟಳು. ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಬಾವಿಕಟ್ಟೆಯ ಹತ್ತಿರ ಕುಸಿದು ಕುಳಿತರು ಎಂದು ನಾದಿನಿ ಅಳುತ್ತಾ ಫೋನು ಮಾಡಿದಾಗ ಬೆಳಗಾವಿಯ ಆಸ್ಪತ್ರೆಗೆ ಕರೆತಂದೆವು.

ಅಲ್ಲಿನ ಡಾಕ್ಟರು ಲೋಂಡಾ ಕಡೆಯ ಹೆಣ್ಣುಮಗಳು. ಮನೆಮಾತು ಮರಾಠಿ, ಕನ್ನಡವೂ ಸಲೀಸು. ಅತ್ತೆಯನ್ನು ಆಜಿ ಎಂದು ಕರೆಯುತ್ತಿದ್ದರು. ಪರೀಕ್ಷೆಯ ವರದಿ ಬಂದ ಮೇಲೆ ನಮ್ಮನ್ನು ಕೂಡಿಸಿಕೊಂಡು ಬಿಡಿಸಿ ಹೇಳಿದರು. ಮನುಷ್ಯನ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಇರುತ್ತವೆ. ಬಹಳಷ್ಟು ನಮ್ಮ ಸ್ನೇಹಿತರೇ. ಊಟ ಅರಗಿಸಲು ನೆರವಾಗುತ್ತವೆ, ಕೆಟ್ಟವಕ್ಕೆ ಜಾಗ ಬಿಡದೆ ಕಾಯುತ್ತವೆ. ಮೇಲಿಂದ ಮೇಲೆ ಆಂಟಿಬಯಾಟಿಕ್ ಹೋದಾಗ ಉರಿಮೂತ್ರದ ಕ್ರಿಮಿಯ ಜೊತೆ ಇವೂ ಸತ್ತವು. ಖಾಲಿ ಬಿದ್ದ ಕರುಳಿನಲ್ಲಿ, ಗುಳಿಗೆಗೆ ಜಗ್ಗದೆ ಬೀಜದ ಹಾಗೆ ಮಲಗಿದ್ದ ಒಂದು ಕ್ರಿಮಿ ಎದ್ದು ತನ್ನದೇ ರಾಜ್ಯ ಕಟ್ಟಿದೆ. ನರ್ಸ್ ಬಂದು, ಈ ಕ್ರಿಮಿಗೆ ಸ್ಯಾನಿಟೈಜರ್ ನಡೆಯುವುದಿಲ್ಲ, ಸಾಬೂನು ಹಚ್ಚಿ ನೀರಿನಲ್ಲಿಯೇ ಕೈ ತೊಳೆಯಿರಿ ಎಂದು ಎಲ್ಲರನ್ನೂ ನಲ್ಲಿಯ ಮುಂದೆ ನಿಲ್ಲಿಸಿದಳು.

ಆ ಕ್ರಿಮಿಯನ್ನು ಕೊಲ್ಲಲು ಬೇರೆ ಔಷಧಿ ಕೊಟ್ಟರು. ಅತ್ತೆ ಚೇತರಿಸಿಕೊಂಡು ಊರಿಗೆ ಹೋದರು. ತಿಂಗಳೊಳಗೆ ಮತ್ತೆ ಭೇದಿ. ಮತ್ತೆ ಆಸ್ಪತ್ರೆ, ಮತ್ತೆ ಔಷಧಿ, ಮತ್ತೆ ಊರು, ಮತ್ತೆ ಆಸ್ಪತ್ರೆ. ಪ್ರತಿಸಲವೂ ಅತ್ತೆ ಒಂದಿಷ್ಟು ಸಣ್ಣಗಾಗಿ ಬರುತ್ತಿದ್ದರು. ಕೈಯ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಮೂರನೆಯ ಸಲ ಡಾಕ್ಟರು ನಮ್ಮನ್ನು ಹೊರಗೆ ಕರೆದು, "ಇನ್ನೊಮ್ಮೆ ತಿರುಗಿ ಬಂದ್ರ ಆಜಿ ತಡ್ಕೋತಾರ ಅಂತ ನನಗ ಭರೋಸಾ ಇಲ್ರಿ" ಎಂದರು.

ಆಮೇಲೆ ಅವರು ಹೇಳಿದ ಚಿಕಿತ್ಸೆಯನ್ನು ನಾನು ಎಲ್ಲೋ ಓದಿದ್ದೆ. ನಮ್ಮ ಮನೆಗೇ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಆರೋಗ್ಯವಂತರ ಮಲವನ್ನು ತೆಗೆದುಕೊಂಡು, ಉಪ್ಪುನೀರಿನಲ್ಲಿ ಕಲಸಿ, ಸೋಸಿ, ಆ ನೀರನ್ನು ಕೊಳವೆಯ ಮೂಲಕ ರೋಗಿಯ ಕರುಳಿನೊಳಗೆ ಬಿಡುವುದು. ಅದರಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಅಲ್ಲಿ ನೆಲೆಯೂರಿದರೆ ಕೆಟ್ಟದ್ದಕ್ಕೆ ಜಾಗ ಉಳಿಯುವುದಿಲ್ಲ.

ನಮ್ಮವರು ಡಾಕ್ಟರು ಹೋದ ಮೇಲೆ, "ಸೋಸಿದ ನೀರಿನ ಹೊರ್ತು ಮತ್ತೇನೂ ಮುಟ್ಟದಾಕಿಗೆ ಇದನ್ನ ಹ್ಯಾಂಗ ಹೇಳೂದು?" ಎಂದು ಕಾರಿಡಾರಿನ ಬೆಂಚಿನ ಮೇಲೆ ತಲೆ ಹಿಡಿದು ಕುಳಿತರು.

ಅದಕ್ಕಿಂತ ಮೊದಲು ಯಾರದು ಎನ್ನುವ ಪ್ರಶ್ನೆ ಇತ್ತು. ಕೊಡುವವರು ಈಚಿನ ತಿಂಗಳುಗಳಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡಿರಬಾರದು, ಹೊಟ್ಟೆಯ ಕಾಯಿಲೆ ಇರಬಾರದು, ರಕ್ತ ಮಲ ಎಲ್ಲ ಪರೀಕ್ಷೆಯಲ್ಲಿ ಪಾಸಾಗಬೇಕು. ನಮ್ಮವರು ಹಲ್ಲಿನ ಬೇರು ಕೊರೆಸಿಕೊಂಡು ಆಗಷ್ಟೇ ಒಂದು ಕೋರ್ಸ್ ಮುಗಿಸಿದ್ದರು. ನಾದಿನಿಗೆ ಸಕ್ಕರೆ ಕಾಯಿಲೆ, ಜೊತೆಗೆ ಹಳೆಯ ಹೊಟ್ಟೆಹುಣ್ಣು. ಅವಳ ಗಂಡ, ವಿಷಯ ಕೇಳಿದ ಕೂಡಲೇ, ಅಂಗಡಿ ಬಿಟ್ಟು ಬರಲಿಕ್ಕಾಗುವುದಿಲ್ಲ ಎಂದರು. ಉಳಿದವಳು ನಾನು. ನೆಗಡಿಗೂ ಗುಳಿಗೆ ನುಂಗುವವರನ್ನು ಕಂಡರೆ ಉರಿದುಬೀಳುವವಳು, ಉಳ್ಳಾಗಡ್ಡಿ ಇಲ್ಲದೆ ರೊಟ್ಟಿ ಮುರಿಯದವಳು. ಪರೀಕ್ಷೆ ಎಲ್ಲ ಮುಗಿದ ಮೇಲೆ ಡಾಕ್ಟರು, "ನಿಮ್ಮ ಹೊಟ್ಟಿ ಛಲೋ ಐತ್ರಿ" ಎಂದಾಗ, ಕಾಲೇಜಿನ ಚಿನ್ನದ ಪದಕ ಬಂದಾಗಲೂ ಆಗದಷ್ಟು ಹೆಮ್ಮೆಯಾಯಿತು.

ಈಗ ಅತ್ತೆಗೆ ಹೇಳಬೇಕು. ನಾನೇ ಹೇಳುತ್ತೇನೆ ಎಂದೆ. ನಮ್ಮವರು ಬೇಡವೆಂದರು. "ನಿನ್ನ ಬಾಯಿ ನನಗ ಗೊತ್ತೈತಿ. ನಾ ಹಗೂರಕ ಹೇಳ್ತೀನಿ." ಹೇಳಲಿ ಎಂದು ಬಾಗಿಲ ಹತ್ತಿರ ನಿಂತೆ. ಡಾಕ್ಟರೂ ಇದ್ದರು. ನಮ್ಮವರು ಹಾಸಿಗೆಯ ಅಂಚಿಗೆ ಕುಳಿತು, ತಾಯಿಯ ಕೈ ಹಿಡಿದು, ಗಂಟಲು ಸರಿಮಾಡಿಕೊಂಡರು.

"ಆಯಿ, ಒಂದು ಹೊಸಾ ಔಷಧ ಐತಿ. ಅದರಾಗ ಒಳ್ಳೇ ಜೀವಾಣು ಇರ್ತಾವ. ಏನಂದ್ರ, ಮೊಸರಿದ್ದಂಗ. ಮೊಸರ ಅಂತನ ತಿಳಕೊ."

ಜಗತ್ತಿನಲ್ಲಿ ಅಷ್ಟು ಪದಾರ್ಥಗಳಿರುವಾಗ ಈ ಪುಣ್ಯಾತ್ಮನಿಗೆ ಸಿಕ್ಕದ್ದು ಅದೊಂದೇ. ಪ್ರತಿ ರಜೆಯೂ ಆ ಗಡಿಗೆಯನ್ನು ಖಾಲಿ ಮಾಡಿದವರಿಗೆ, ಹಾಕಿಕೊಟ್ಟವರು ತಿನ್ನುವುದಿಲ್ಲ ಎನ್ನುವುದು ಗಾಬರಿಯಲ್ಲಿ ಮರೆತೇಹೋಗಿತ್ತು.

ಅತ್ತೆ ಕಣ್ಣು ತೆರೆದರು. "ಮೊಸರು ಬ್ಯಾಡ."

"ಆಯಿ, ಅದು ಬಾಯಿಲೆ ತಗೊಳ್ಳೂದಲ್ಲ. ಹಿಂದಿನಿಂದ ಬಿಡ್ತಾರ."

"ಯಾ ದಾರಿಲೆ ಹೋದ್ರೂ ಮೊಸರು ಮೊಸರ. ಮುನಿಗಳ ಮುಂದ ನಿಯಮ ತಗೊಂಡೀನಿ. ಜೀವ ಹೋದ್ರ ಹೋಗ್ಲಿ."

ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ಅವರು ಅಂದದ್ದನ್ನು ಮಾಡುವವರು ಎಂದು ಆ ಕೋಣೆಯಲ್ಲಿ ಡಾಕ್ಟರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಮೊಸರಲ್ಲರಿ ಅತ್ತಿ. ಇವರು ಸುಳ್ಳು ಹೇಳಾಕತ್ತಾರ. ಅದು ನಂದು. ನಾ ದಿನಾ ಬೆಳಿಗ್ಗಿ ಎದ್ದು ಹೋಗಿ ಬರ್ತೀನಲ್ಲ, ಅದು."

ನಮ್ಮವರು ಮೇಲಿನ ಫ್ಯಾನನ್ನೇ ನೋಡುತ್ತಾ ಕುಳಿತರು. ಅತ್ತೆ ನಿಧಾನಕ್ಕೆ ಈ ಕಡೆ ಹೊರಳಿದರು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಖರೇ ಮೊಸರಲ್ಲ?"

"ನಿಮ್ಮಾಣಿ ಮೊಸರಲ್ಲರಿ."

"ಮತ್ತ ಮೊದಲ ಹೇಳಬಾರದೇನು? ಅದನ್ನ ಬಿಟ್ಟೀನಿ ಅಂತ ನಾ ಎಲ್ಲೂ ನಿಯಮ ತಗೊಂಡಿಲ್ಲ."

ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದು ಕಿಟಕಿಯ ಕಡೆ ತಿರುಗಿದರು. ನನಗೆ ನಗುವೂ ಅಳುವೂ ಕೂಡಿಯೇ ಬಂತು. ಹೊಲಸು ಎಂದು ಮೂಗು ಮುರಿಯುತ್ತಾರೆ ಎಂದು ನಾವೆಲ್ಲ ಹೆದರಿದ್ದೆವು. ಆದರೆ ಬಸದಿಗೆ ಹೋಗಲಾರದೆ, ಸ್ನಾನ ಮಾಡಲಾರದೆ, ಇನ್ನೊಬ್ಬರ ಕೈಯಲ್ಲಿ ಬಟ್ಟೆ ಬದಲಿಸಿಕೊಂಡು ತಿಂಗಳುಗಟ್ಟಲೆ ಮಲಗಿದ ಮುದುಕಿಗೆ ಮಲದ ಬಗ್ಗೆ ನಾಚಿಕೆ ಎಂದೋ ಮುಗಿದಿತ್ತು. ಅವರ ಚಿಂತೆ ಬೇರೆಯೇ ಇತ್ತು. ಡಾಕ್ಟರು ಚಿಕಿತ್ಸೆಯನ್ನು ಮೊದಲಿನಿಂದ ವಿವರಿಸಿದರು. ಸೋಸುವ ಮಾತು ಬಂದದ್ದೇ ತಡ, ಅತ್ತೆ ಕಿವಿ ನೆಟ್ಟಗೆ ಮಾಡಿದರು.

"ಸೋಸಿದ ಮ್ಯಾಲೆ ಅರಿವ್ಯಾಗ ಉಳೀತೈತಲ್ಲ, ಅದನ್ನೇನ್ ಮಾಡ್ತೀರಿ?"

ಡಾಕ್ಟರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಅದನ್ನ ಸುಡಾಕ ಕಳಸ್ತೀವ್ರಿ ಆಜಿ. ಆಸ್ಪತ್ರಿ ಕಾಯ್ದೆ ಹಂಗೈತಿ."

"ಜೀವ ಇರ್ತಾವಲ್ಲ ಅದರಾಗ."

"ಇರ್ತಾವ್ರಿ."

ಅತ್ತೆ ಕಣ್ಣು ಮುಚ್ಚಿದರು. "ಹಂಗಾರ ಬ್ಯಾಡವಾ. ನನ್ನೊಂದು ಜೀವಕ್ಕ ಅಷ್ಟ ಜೀವ ಸುಡೂದು ಬ್ಯಾಡ."

ಡಾಕ್ಟರು ಒತ್ತಾಯ ಮಾಡಲಿಲ್ಲ. ಸಂಜೆಯ ತನಕ ವಿಚಾರ ಮಾಡಿ ಎಂದು ಹೋದರು. ನಾನು ಗಂಡನನ್ನು ಕಾರಿಡಾರಿಗೆ ಎಳೆದುಕೊಂಡು ಹೋಗಿ, ಮೊಸರಿನ ಸಲುವಾಗಿ ಬೈಯಬೇಕಾದಷ್ಟೂ ಬೈದೆ. ಅವರು ತಲೆ ತಗ್ಗಿಸಿ ಬೈಸಿಕೊಂಡರು. ಅವರ ಕಣ್ಣಲ್ಲಿ ನೀರು ನೋಡಿದ ಮೇಲೆ ಬೈಯುವುದನ್ನು ಬಿಟ್ಟೆ. ಅವರನ್ನು ಚಹಾ ಕುಡಿಯಲು ಕಳಿಸಿ ನಾನೊಬ್ಬಳೇ ಅತ್ತೆಯ ಹತ್ತಿರ ಹೋಗಿ ಕುಳಿತೆ.

ತರಗತಿಯಲ್ಲಿ ನಾನು ಬ್ಯಾಕ್ಟೀರಿಯಾದ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ. ಗೋಲಾಕಾರ, ಕೋಲಿನಾಕಾರ, ಸುರುಳಿಯಾಕಾರ. ಕಾಲರಾ, ಕ್ಷಯ, ಟೈಫಾಯ್ಡ್. ಆ ಪಾಠ ಇಲ್ಲಿ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ಬಾವಿಯ ಮಾತು ಆಡಿದೆ.

"ಅತ್ತಿ, ನಿಮ್ಮ ಹೊಟ್ಟಿ ಒಂದು ಬಾವಿ ಅಂತ ತಿಳಕೋರಿ. ಅದರಾಗ ಜೀವ ಇದ್ದುವು. ಗುಳಿಗಿ ಹಾಕಿ ಹಾಕಿ ನಾವ ಕೊಂದೀವಿ, ಗೊತ್ತಿಲ್ಲದ. ಈಗ ಬಾವಿ ಬರೇ ಹಾಳಾಗಿ ನಿಂತೈತಿ. ನನ್ನ ಬಾವ್ಯಾಗ ಅದಾವ. ತಂದು ಬಿಡೂಣಂತೀನಿ. ಎಲ್ಲಾನೂ ಉಳಸಾಕ ಆಗೂದಿಲ್ರಿ, ಸ್ವಲ್ಪ ಹೋಗ್ತಾವ. ಬಿಟ್ಟುವು ಮಾತ್ರ ನಿಮ್ಮೊಳಗ ಬಾಳೇ ಮಾಡ್ತಾವ."

ಅತ್ತೆ ಸಲೈನಿನ ಹನಿ ಬೀಳುವುದನ್ನು ನೋಡುತ್ತಿದ್ದರು.

"ಮತ್ತ ನೀವು ಹೋದ್ರ ನಾ ಯಾರ ಕಡೆ ಬೈಸ್ಕೋಬೇಕ್ರಿ?" ಎಂದೆ. ನಾಟಕವಲ್ಲ, ಆ ಕ್ಷಣದಲ್ಲಿ ನನಗೆ ಅವರಿಲ್ಲದ ಖಾನಾಪುರ ಕಣ್ಣಿಗೆ ಕಂಡು ಭಯವಾಗಿತ್ತು.

ಅತ್ತೆ ನನ್ನ ಕಡೆ ತಿರುಗಿ ಕೇಳಿದರು. "ಮ್ಯಾಲಿಂದ ಸುರೀತಾರೋ, ಒಳಗ ಇಳಿಸಿ ಬಿಡ್ತಾರೋ?"

ನನಗೆ ತಾಮ್ರದ ಗಡಿಗೆ ನೆನಪಾಯಿತು. "ಒಳಗ ಇಳಿಸಿ ಬಿಡ್ತಾರ್ರಿ. ಸಣ್ಣ ಕೊಳವಿ ಇರ್ತೈತಿ, ಅದನ್ನ ಪೂರಾ ಒಳಗ ಒಯ್ದು, ಹಗೂರಕ ಬಿಡ್ತಾರ."

"ಹಂಗಾರ ಆತು. ಸುಡೂ ಜೀವಕ್ಕ ಪ್ರಾಯಶ್ಚಿತ್ತ ಅಂತ ಗಟ್ಟಿ ಆದ ಮ್ಯಾಲೆ ಒಂದು ಉಪಾಸ ಮಾಡ್ತೀನಿ."

ಚಹಾ ಕುಡಿದು ಬಂದ ಮಗನಿಗೆ ನಾನು ಹೇಳಿದ್ದು ಆ ಎರಡನೆಯ ಮಾತನ್ನೇ. ತಾವು ಗಟ್ಟಿಯಾಗುವ ಮಾತನ್ನು ಅತ್ತೆ ಆಡದೆ ಎಷ್ಟೋ ದಿನಗಳಾಗಿದ್ದವು.

ಮುಂದಿನ ಕೆಲವು ದಿನ ನಾನು ಬಸುರಿ ಹೆಂಗಸಿನಷ್ಟು ಸತ್ಕಾರ ಪಡೆದೆ. ನನ್ನಷ್ಟಕ್ಕೆ ನಾನೇ ಉಳ್ಳಾಗಡ್ಡಿ ಬಳ್ಳೊಳ್ಳಿ ಬಿಟ್ಟಿದ್ದೆ. ಡಾಕ್ಟರು ಅದರ ಅಗತ್ಯವೇನೂ ಇಲ್ಲ ಎಂದರೂ, ಅತ್ತೆಯ ಮನೆಗೆ ಹೋಗುವ ಅತಿಥಿಗಳು ಅಲ್ಲಿನ ರೀತಿಗೆ ಸರಿಯಾಗಿ ಹೋಗಲಿ ಎಂದು ನನ್ನ ಮನಸ್ಸು. ನಾದಿನಿ ಖಾನಾಪುರದಿಂದ ದಿನ ಬಿಟ್ಟು ದಿನ ಬಸ್ಸಿನಲ್ಲಿ ಡಬ್ಬಿ ಹೊತ್ತು ಬಂದಳು. ಹೆಸರುಕಾಳಿನ ಉಸುಳಿ, ಬಾಳೆಹಣ್ಣು, ಕೆಂಪಕ್ಕಿ ಗಂಜಿ, ತುಪ್ಪ ಸುರಿದ ಹೋಳಿಗೆ. ನನ್ನ ಮುಂದೆ ಕುಳಿತು, "ಇನ್ನೊಂದ ಹಾಕ್ಕೋ ವೈನಿ. ಆಯಿಗೆ ಹೋಗೂದೈತಿ" ಎಂದು ಬಡಿಸುತ್ತಿದ್ದಳು. ನಾನು ಏನು ತಿನ್ನುತ್ತಿದ್ದೇನೆ ಎನ್ನುವುದರ ಬಗ್ಗೆ ಆ ಮನೆತನ ಅಷ್ಟು ಆಸ್ಥೆ ತೋರಿಸಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಚಿಕಿತ್ಸೆಯ ದಿನ ಬೆಳಿಗ್ಗೆಯ ಫಜೀತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಜೀವನದಲ್ಲಿ ಒಂದು ದಿನವೂ ನನಗೆ ಕೈಕೊಡದ ಹೊಟ್ಟೆ ಅಂದು ಹಟ ಹಿಡಿದು ಕುಳಿತಿತು. ತಾಜಾ ಬೇಕೆಂದು ಆಸ್ಪತ್ರೆಯಲ್ಲಿಯೇ ಒಂದು ಬಾತ್‌ರೂಮು ಕೊಟ್ಟಿದ್ದರು, ಮುಚ್ಚಳವಿರುವ ಡಬ್ಬಿ ಕೊಟ್ಟಿದ್ದರು. ಒಳಗೆ ಹೋದೆ, ಬಂದೆ. ಹೊರಗೆ ನಿಂತ ನಮ್ಮವರು ಹುಬ್ಬಿನಲ್ಲೇ ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ಬಿಸಿನೀರು ತಂದರು. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಅಡ್ಡಾಡಿದೆ. ನಾದಿನಿ ಫೋನು ಮಾಡಿ "ಆತೇನ?" ಎಂದಳು. ಚಹಾ ತಂದರು. ಅವಳ ಗಂಡನೂ ಅಂಗಡಿಯಿಂದ ಫೋನು ಮಾಡಿ "ಆತೇನ್ರಿ?" ಎಂದರು. ನರ್ಸ್ ಎರಡು ಸಲ ಇಣುಕಿ ಹೋದಳು. ಇಡೀ ಮನೆತನ ನನ್ನ ಹೊಟ್ಟೆಯ ಮೇಲೆ ಕಣ್ಣಿಟ್ಟು ಕುಳಿತರೆ ಅದಾದರೂ ಏನು ಮಾಡೀತು? ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರೂ ಫೋನು ಬಂದ್ ಮಾಡಿರಿ, ಆಸ್ಪತ್ರೆ ಬಿಟ್ಟು ಕೆಳಗೆ ಹೋಗಿರಿ ಎಂದು ಗಂಡನನ್ನು ಅಟ್ಟಿದೆ. ಒಬ್ಬಳೇ ಕುಳಿತು ಬಾವಿಯನ್ನು, ಹಗ್ಗವನ್ನು, ಇಳಿಯುವ ಗಡಿಗೆಯನ್ನು ನೆನೆಸಿಕೊಂಡೆ. ಆಮೇಲೆ ಆಯಿತು. ಡಬ್ಬಿ ಕೈಗೆ ತೆಗೆದುಕೊಂಡ ನರ್ಸ್ ಥ್ಯಾಂಕ್ಸ್ ಎಂದಳು. ನನಗೆ ಕುಣಿಯಬೇಕೆನಿಸಿತು.

ಒಳಗೆ ಏನು ನಡೆಯಿತೋ ನಾನು ನೋಡಲಿಲ್ಲ. ಹೊರಗೆ ತಂದಾಗ ಅತ್ತೆ ಮಂಪರಿನಲ್ಲಿದ್ದರು. ತುಟಿ ಣಮೋಕಾರ ಮಂತ್ರ ಹೇಳುತ್ತಿತ್ತು. ಎರಡು ದಿನ ನಾವು ಯಾರೂ ಸರಿಯಾಗಿ ಉಸಿರಾಡಲಿಲ್ಲ. ಮೂರನೆಯ ದಿನ ನಾನು ಕಾಲೇಜು ಮುಗಿಸಿ ಬಂದಾಗ ಅತ್ತೆ ದಿಂಬಿಗೆ ಒರಗಿ ಕುಳಿತಿದ್ದರು. ನನ್ನನ್ನು ಹತ್ತಿರ ಕರೆದು, ಪಕ್ಕದ ಹಾಸಿಗೆಯವರಿಗೆ ಕೇಳದ ಹಾಗೆ ಹೇಳಿದರು.

"ಇವತ್ತು ಗಟ್ಟಿ ಆತು."

ಆ ಮೂರು ಮಾತಿಗೆ ನಾನು ಅವರ ಹಾಸಿಗೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅತ್ತೆ ನನ್ನ ಬೆನ್ನು ಸವರುತ್ತಾ, "ಅಳಬ್ಯಾಡ, ನಿನ್ನ ಹೊಟ್ಟಿ ತಣ್ಣಗಿರಲಿ" ಎಂದರು. ಆಮೇಲೆ, "ಹೌದಲ್ಲ, ನಿನ್ನ ಜೀವಗೋಳಿಗೆ ಉಳ್ಳಾಗಡ್ಡಿ ಬೇಕಾಗೂದಿಲ್ಲಲಾ? ನಾ ಮಾತ್ರ ಕೊಡೂದಿಲ್ಲ ನೋಡು. ನನ್ನ ಮನ್ಯಾಗ ಇರೂದಿದ್ರ ನನ್ನ ರೀತಿಲೆ ಇರಬೇಕು" ಎಂದರು. ಆ ಹೊತ್ತಿಗೆ ಒಳಗೆ ಬಂದ ಡಾಕ್ಟರು, ಅವೂ ಆಜಿಯ ಊಟಕ್ಕೆ ಹೊಂದಿಕೊಳ್ಳುತ್ತವೆ, ತಿನ್ನುವುದರ ಮೇಲೆ ಅವುಗಳ ಬಳಗವೂ ಬದಲಾಗುತ್ತದೆ ಎಂದು ಸಮಾಧಾನ ಹೇಳಿದರು.

ಅಂದಿನಿಂದ ನಾನು ಈ ವಿಷಯವಾಗಿ ಸಿಕ್ಕದ್ದೆಲ್ಲ ಓದುತ್ತೇನೆ. ಕರುಳಿನ ಜೀವಿಗಳಿಗೂ ಸಕ್ಕರೆ ಕಾಯಿಲೆಗೂ, ಬೊಜ್ಜಿಗೂ, ಮನಸ್ಸಿನ ದುಗುಡಕ್ಕೂ ಏನೋ ನಂಟಿದೆ ಎಂದು ಜಗತ್ತಿನ ಪ್ರಯೋಗಶಾಲೆಗಳಲ್ಲಿ ಹುಡುಕುತ್ತಿದ್ದಾರೆ. ಕೆಲವು ಎಳೆ ಸಿಕ್ಕಿವೆ, ಬಹಳಷ್ಟು ಇನ್ನೂ ಗೋಜಲು. ಉತ್ಸಾಹ ತಡೆಯದೆ ಒಮ್ಮೆ ಡಾಕ್ಟರಿಗೆ ಫೋನು ಮಾಡಿ, ಹಾಗಾದರೆ ನಾದಿನಿಯ ಸಕ್ಕರೆಗೂ ನಂದೇ ಕೊಡಬಹುದಲ್ಲ ಎಂದೆ. ಅವರು ನಕ್ಕು, "ನಿಮ್ಮ ಹೊಟ್ಟಿ ಛಲೋ ಐತಿ ಅಂದೆ ಅಂತ ಎಲ್ಲಾ ರೋಗಕ್ಕೂ ಹಂಚಾಕ ಹೋಗಬ್ಯಾಡ್ರಿ" ಎಂದರು. ಒಂದೇ ಮನೆಯಲ್ಲಿ ಉಂಡು ಇರುವವರ ಹೊಟ್ಟೆಯ ಜೀವಿಗಳು ಬರಬರುತ್ತಾ ಒಂದರಂತೊಂದು ಆಗುತ್ತವೆ ಎನ್ನುವುದನ್ನೂ ಓದಿದೆ. ನಾನೂ ಅತ್ತೆಯೂ ಒಂದೇ ಮನೆಯಲ್ಲಿ ಬಾಳದಿದ್ದರೂ ಆ ಕೆಲಸ ಆಗಿಹೋಗಿತ್ತು. ತರಗತಿಯಲ್ಲಿ ಕಾಲರಾ, ಕ್ಷಯ ಹೇಳುವುದಕ್ಕಿಂತ ಮೊದಲು ಈಗ ಸ್ನೇಹಿತರ ಕಡೆಯಿಂದ ಪಾಠ ಶುರುಮಾಡುತ್ತೇನೆ.

ಅತ್ತೆ ಊರಿಗೆ ಹೋದರು. ಹೇಳಿದ ಹಾಗೆ ಉಪವಾಸ ಮಾಡಿದರು. ಆದರೆ ಡಾಕ್ಟರು ಒಂದು ಮಾತು ಹೇಳಿ ಕಳಿಸಿದ್ದರು. ಕೆಲವರಿಗೆ ಇದು ತಿರುಗಿ ಬರಬಹುದು, ಬಂದರೆ ಇನ್ನೊಮ್ಮೆ ಕೊಡಬೇಕಾದೀತು. ಅಂದರೆ ನಾನು ಕಾಪಿಟ್ಟ ಬೀಜ. ಸುಮ್ಮಸುಮ್ಮನೆ ಗುಳಿಗೆ ನುಂಗದೆ ಹೊಟ್ಟೆಯನ್ನು ಜತನ ಮಾಡಬೇಕು. ಖಾನಾಪುರದಿಂದ ಫೋನು ಬಂದರೆ ಅತ್ತೆ ಈಗ ಮೊದಲು ಕೇಳುವುದು ನನ್ನನ್ನೇ. "ಅಕಿಗೆ ಕೊಡು" ಎನ್ನುತ್ತಾರೆ ಮಗನಿಗೆ. ಊಟ ಆಯಿತೇ, ಹೊರಗಿನದೇನಾದರೂ ತಿಂದೆಯಾ, ನೀರು ಸೋಸಿ ಕುಡಿಯುತ್ತೀಯಾ.

ಈ ಸಲದ ಮಳೆಗಾಲದಲ್ಲಿ ನನಗೇ ಚಳಿಜ್ವರ ಬಂತು. ಬೆನ್ನಿನ ಕೆಳಗೆ ಒಂದು ಬಾಜು ಹಿಡಿದುಕೊಂಡ ನೋವು. ಮೂತ್ರಪಿಂಡಕ್ಕೆ ಸೋಂಕು ತಗುಲಿದೆ, ಆಂಟಿಬಯಾಟಿಕ್ ಬೇಕೇಬೇಕು ಎಂದು ಡಾಕ್ಟರು ಬರೆದುಕೊಟ್ಟರು. ಗುಳಿಗೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಾನು ಕುಳಿತೇ ಇದ್ದೆ. ಇದನ್ನು ನುಂಗಿದರೆ ನನ್ನ ಬಾವಿಯೂ ಬತ್ತುತ್ತದೆ. ನಾಳೆ ಅತ್ತೆಗೆ ತಿರುಗಿ ಬಂದರೆ ಕೊಡುವುದೇನು? ಕಷಾಯ ಕುಡಿದು ಒಂದೆರಡು ದಿನ ತಡೆಯುತ್ತೇನೆ ಎಂದೆ. ಸಿಟ್ಟೇ ಮಾಡದ ನಮ್ಮವರು ಕೂಗಾಡಿದರು. ನಾನು ಕೇಳಲಿಲ್ಲ. ಅವರು ಸೋತು ಖಾನಾಪುರಕ್ಕೆ ಫೋನು ಮಾಡಿದರು.

ಹೊತ್ತು ಮುಳುಗುವ ಮೊದಲೇ ಅತ್ತೆ ಬಸ್ಸಿಳಿದು ಆಟೋ ಮಾಡಿಕೊಂಡು ಬಂದರು. ಒಂದು ಕೈಯಲ್ಲಿ ಬಾವಿಯ ನೀರಿನ ಕ್ಯಾನು, ಇನ್ನೊಂದರಲ್ಲಿ ಮೊಸರಿನ ಗಡಿಗೆ. ನನ್ನ ಹಣೆ ಮುಟ್ಟಿ ನೋಡಿದರು. ನನ್ನ ಅಡುಗೆಮನೆಗೆ ಹೋದರು. ಉಳ್ಳಾಗಡ್ಡಿಯ ಬುಟ್ಟಿಯನ್ನು ನೋಡಿಯೂ ನೋಡದ ಹಾಗೆ ದಾಟಿ, ಅನ್ನ ಮಾಡಿ, ಮೊಸರು ಕಲಸಿ ತಂದು ಉಣಿಸಿದರು. ಆ ಹೊತ್ತಿಗೆ ಕತ್ತಲಾಗಿತ್ತು. ತಮ್ಮ ಮನೆಯಲ್ಲಿ ಎಂದೂ ಯಾರಿಗೂ ಕತ್ತಲಾದ ಮೇಲೆ ಹನಿ ನೀರು ಕೊಡದವರು, ತಮ್ಮದೇ ತಾಮ್ರದ ತಂಬಿಗೆಯಲ್ಲಿ ಸೋಸಿದ ನೀರು ತುಂಬಿ, ಗುಳಿಗೆಯನ್ನು ಬಿಡಿಸಿ ನನ್ನ ಅಂಗೈಯ ಮೇಲಿಟ್ಟರು.

"ರಾತ್ರೀದು ರಾತ್ರಿನ ತಗೋಬೇಕು. ನನ್ನಂಗ ಮಾಡಬ್ಯಾಡ. ಪೂರಾ ಮುಗಸಬೇಕು."

"ಅತ್ತಿ, ನಿಮಗ ಮತ್ತ ಬೇಕಾದ್ರ?"

"ನನ್ನ ಚಿಂತಿ ನಿನಗ್ಯಾಕ? ನೀ ಕೊಟ್ಟದ್ದು ಎಲ್ಲಾ ನನ್ನ ಹಂತ್ಯಾಕ ಅದಾವ, ಛಲೋ ನೋಡ್ಕೊಂಡೀನಿ." ತಂಬಿಗೆಯನ್ನು ನನ್ನ ತುಟಿಯ ತನಕ ತಂದು ಹಿಡಿದರು. "ನಿನಗ ಕಡಿಮಿ ಬಿದ್ರ ಹೇಳು. ಯಾ ಬಾವೀವು ಆ ಬಾವಿಗೆ ವಾಪಸ್ ಬಿಡೂಣು."

ಅವರ ವಯಸ್ಸಿನವರಿಂದ ಯಾವ ಡಾಕ್ಟರೂ ತೆಗೆದುಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಹೇಳಲಿಲ್ಲ. ಗುಳಿಗೆ ಬಾಯಿಗೆ ಹಾಕಿಕೊಂಡು, ಅತ್ತೆ ಕುಡಿಸಿದಷ್ಟೂ ನೀರು ಕುಡಿದೆ.